ಕುಡುಗೋಲು ಹಿಡಿದವನು ಎಲ್ಲಿ ಹೋದ?

ನಮಸ್ಕಾರ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಮಹಾಮಾರಿ ತಂದ ನ್ಯಾಯ’ ಅನ್ನುವ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ತುಂಬ ಓದಿಕೊಂಡಿದ್ದೀರಿ ಅಂತಲೂ ಗೊತ್ತಾಗುತ್ತದೆ. ಆದರೆ ಮೂರನೇ ಪುಟದ ಮೂರು ಸಾಲು ನನ್ನನ್ನು ಬಿಡುತ್ತಿಲ್ಲ. ಅವನ್ನಷ್ಟೇ ಹಿಡಿದು ಮಾತಾಡುತ್ತೇನೆ.

‘1348ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಪ್ಲೇಗ್ ಬಡವರ ಕೂಲಿಯನ್ನು ಹೆಚ್ಚಿಸಿತು.’ ಪ್ಲೇಗ್ ಯಾರ ಕೂಲಿಯನ್ನೂ ಹೆಚ್ಚಿಸಲ್ಲ. ಅದು ಕೊಲ್ಲುತ್ತದೆ, ಅಷ್ಟೇ. ಮೂರರಲ್ಲಿ ಒಂದು ಪಾಲಾದರೂ ಜನ ಸತ್ತರು, ಕೊಯ್ಯುವವರಿಲ್ಲದೆ ಪೈರು ಹೊಲದಲ್ಲೇ ನಿಂತಿತು. ಆಗ ಉಳಿದವನೊಬ್ಬ ಒಡೆಯನ ಮುಂದೆ ನಿಂತು ‘ಇಷ್ಟಕ್ಕೆ ಬರಲ್ಲ’ ಅಂದಿರಬೇಕು, ಪಕ್ಕದ ಊರಲ್ಲಿ ಜಾಸ್ತಿ ಕೊಡುತ್ತಾರೆ ಅಂತ ಗೊತ್ತಾದಾಗ ಹೇಳದೆ ಕೇಳದೆ ಅಲ್ಲಿಗೆ ಹೋಗಿರಬೇಕು. ಕೂಲಿ ಏರಿದ್ದು ಅವನಿಂದ. ನಿಮ್ಮ ಸಾಲಿನಲ್ಲಿ ಅವನೇ ಇಲ್ಲ.

‘ಕೂಲಿ ನಿಯಂತ್ರಿಸಲು ಕಾನೂನು ಜಾರಿಗೆ ಬಂತಾದರೂ ಅದು ಫಲಿಸಲಿಲ್ಲ.’ ನನಗೆ ಸಿಟ್ಟು ಬಂದದ್ದು ಇಲ್ಲಿ. ಕಾನೂನು ತಾನಾಗಿ ಬಂತಾ? 1351ರಲ್ಲಿ ಪಾರ್ಲಿಮೆಂಟಿನಲ್ಲಿ ಕೂತಿದ್ದ ಭೂಮಾಲೀಕರು ಮಾಡಿಸಿಕೊಂಡದ್ದು ಅದು. ಪ್ಲೇಗಿಗೆ ಮುಂಚಿನ ಕೂಲಿಯನ್ನೇ ತೆಗೆದುಕೊಳ್ಳಬೇಕು ಅನ್ನೋದು ಅದರ ತಿರುಳು. ಆಗಸ್ಟ್ ಮೊದಲ ವಾರದ ಕೊಯ್ಲಿಗೆ ದಿನಕ್ಕೆ 2 ಪೆನ್ನಿ, ಎರಡನೇ ವಾರದಿಂದ 3, ಊಟ ಕೇಳುವ ಹಾಗಿಲ್ಲ. ಕೂಲಿಗೆ ಬರುವವರು ಕುಡುಗೋಲನ್ನೋ ಕೊಡಲಿಯನ್ನೋ ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಪೇಟೆಯಲ್ಲಿ ಬಯಲಿಗೆ ನಿಲ್ಲಬೇಕು, ಗುಟ್ಟಾಗಿ ಮಾತಾಡಿಕೊಂಡು ಕೆಲಸಕ್ಕೆ ಸೇರುವಂತಿಲ್ಲ. ಇದಕ್ಕೆಲ್ಲ ಪ್ರಮಾಣ ಮಾಡಲ್ಲ ಅಂದವರ ಕಾಲಿಗೆ ಮರದ ಕೋಳ, ಮೂರು ದಿನ ಇಲ್ಲವೇ ಇನ್ನೂ ಜಾಸ್ತಿ. ಅದಕ್ಕಾಗಿ ಊರೂರಲ್ಲೂ ಕೋಳ ಮಾಡಿಸಿಡಿ ಅಂತ ಕೂಡ ಅದೇ ಕಾನೂನು ಹೇಳುತ್ತದೆ. ಹೆಚ್ಚು ಕೂಲಿ ಪಡೆದ ತಪ್ಪಿಗೆ ಸಾವಿರಾರು ಜನ ದಂಡ ಕಟ್ಟಿದರು. ನೀವು ‘ಫಲಿಸಲಿಲ್ಲ’ ಅಂದು ಮುಂದೆ ಹೋಗಿಬಿಟ್ಟಿರಿ.

ನಾನು ಪತ್ರಿಕೆಗೆ ಹೊಸದಾಗಿ ಸೇರಿದಾಗ ‘ಬರದಿಂದಾಗಿ ಜನ ಗುಳೆ ಹೋದರು’ ಅಂತ ಒಂದು ವರದಿ ಬರೆದಿದ್ದೆ. ಡೆಸ್ಕಿನಲ್ಲಿ ಒಬ್ಬರು ಹಿರಿಯರಿದ್ದರು, ಮಾತು ಕಡಿಮೆ. ‘ಬರ’ ಅನ್ನುವ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರು ಹೋಗಲಿಲ್ಲ?’ ಅಂತ ಬರೆದು ವಾಪಸ್ ಕೊಟ್ಟರು. ಮರುದಿನ ಬಸ್ಸು ಹತ್ತಿ ಮತ್ತೆ ಆ ಊರಿಗೆ ಹೋದೆ. ಬೋರ್‌ವೆಲ್ ಇದ್ದವರು ಯಾರೂ ಹೋಗಿರಲಿಲ್ಲ. ಹೋದವರೆಲ್ಲ ಅವರ ಹೊಲದಲ್ಲೇ ಕೂಲಿ ಮಾಡುತ್ತಿದ್ದವರು, ಎರಡು ತಿಂಗಳ ಕೂಲಿ ಬಾಕಿ ಇತ್ತು. ಮೊಮ್ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬರು ಹೇಳಿದ್ದು ಇದು. ಅವರ ಮಗ, ಸೊಸೆ ಇಬ್ಬರೂ ಹೋಗಿದ್ದರು. ವರದಿಯನ್ನು ಮೊದಲಿಂದ ಬರೆದೆ. ಇವತ್ತಿಗೂ ರೋಗವೋ ಬರವೋ ಏನನ್ನೋ ‘ಮಾಡಿತು’ ಅಂತ ಯಾರಾದರೂ ಬರೆದರೆ ಆ ಕೆಂಪು ಸುತ್ತು ಕಣ್ಣಿಗೆ ಬರುತ್ತದೆ.

ಇನ್ನು ಮೂರನೆಯದು. ‘ಹೀಗೆ ಮಹಾಮಾರಿಯಿಂದ ಜೀತ ಕೊನೆಗೊಂಡಿತು.’ ಈ ‘ಹೀಗೆ’ ಎಷ್ಟನ್ನು ನುಂಗಿದೆ ನೋಡಿ. 1381ರ ಹೊತ್ತಿಗೆ ತಲೆಗೆ 12 ಪೆನ್ನಿಯ ಲೆಕ್ಕದಲ್ಲಿ ತೆರಿಗೆ ಬಿತ್ತು, ಅಂದರೆ ಆ ಕಾನೂನಿನ 2 ಪೆನ್ನಿ ದರದಲ್ಲಿ ಆರು ದಿನದ ಕೊಯ್ಲು. ಎಸೆಕ್ಸ್, ಕೆಂಟ್ ಸೀಮೆಯ ಜನ ಎದ್ದರು, ಒಡೆಯರ ಹತ್ತಿರವಿದ್ದ ಜೀತದ ದಾಖಲೆಗಳನ್ನು ಹುಡುಕಿ ಹುಡುಕಿ ಸುಟ್ಟರು. 14 ವರ್ಷದ ದೊರೆ ಎರಡನೇ ರಿಚರ್ಡ್ ಜೀತ ತೆಗೆಯುತ್ತೇನೆ ಅಂತ ಪತ್ರ ಕೊಟ್ಟು, ಮೂರು ವಾರದೊಳಗೆ ಹಿಂದಕ್ಕೆ ತೆಗೆದುಕೊಂಡ. ಅಲ್ಲಿಂದ ಮುಂದೆಯೂ ಜೀತ ಕರಗಲು ತಲೆಮಾರುಗಳೇ ಬೇಕಾದವು. ಅತ್ತ ಪೋಲೆಂಡ್ ನೋಡಿ. ಅಲ್ಲೂ ದುಡಿಯುವ ಕೈ ಸಾಲುತ್ತಿರಲಿಲ್ಲ. ಆದರೆ ರೈತರು ಊರು ಬಿಡದ ಹಾಗೆ ಒಡೆಯರು 1496ರಲ್ಲಿ ಕಾನೂನು ಮಾಡಿಸಿಕೊಂಡರು, ಜೀತ ಇನ್ನೂ ಬಿಗಿಯಾಯಿತು. ಜನ ಕಡಿಮೆಯಾದರೆ ನ್ಯಾಯ ತಾನಾಗಿ ಬರುತ್ತದೆ ಅನ್ನೋದಾದರೆ ಅಲ್ಲಿ ಯಾಕೆ ಬರಲಿಲ್ಲ?

ಹೀಗೇ ಹಾಕಲು ಆಗಲ್ಲ. ಮೊದಲ ಎರಡು ಪುಟ ಇದ್ದ ಹಾಗೇ ಇರಲಿ. ಮೂರನೆಯದನ್ನು ಪೇಟೆಯಲ್ಲಿ ಕುಡುಗೋಲು ಹಿಡಿದು ನಿಂತವನಿಂದ ಶುರು ಮಾಡಿ ಬರೆಯಿರಿ. ಮುಂದಿನ ತಿಂಗಳು ಹತ್ತನೇ ತಾರೀಖಿನೊಳಗೆ ಕಳಿಸಿ, ನಾಲ್ಕು ಪುಟ ಇಟ್ಟಿರುತ್ತೇನೆ.