‘ಯೆಸ್ಟರ್‌ಇಯರ್’ ತೋರಿಸುವ ಮೊದಲು ಅದರ ಕೊರತೆ ಹೇಳಬೇಡಿ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಕಾಲೇಜಿನ ಗೆಳೆಯರಿಗೆ ಸ್ಟಾರ್ ಟ್ರೆಕ್ ಅನ್ನೋ ಅಮೆರಿಕದ ಬಾಹ್ಯಾಕಾಶ ಕತೆಯ ಕಾರ್ಟೂನ್ ಸರಣಿಯ ‘ಯೆಸ್ಟರ್‌ಇಯರ್’ ಕಂತು ತೋರಿಸ್ತೀರಿ. ಅದರ ಎಂಟು ಗುಣ, ಎಂಟು ಕೊರತೆ ಪಟ್ಟಿ ಮಾಡಿಟ್ಟಿದ್ದೀರಿ. ಯಾವುದನ್ನು ಮೊದಲು ಹೇಳಲಿ ಅಂತ ಕೇಳಿದ್ದೀರಿ.

ನಾನು ಕೊರತೆ ಮೊದಲು ಹೇಳಿದ್ದೆ. 2012ರ ಸೆಪ್ಟೆಂಬರ್, ಧಾರವಾಡದ ಸಪ್ತಾಪುರ. ನಾವು ನಾಲ್ವರು ಇದ್ದ ಬಾಡಿಗೆ ರೂಮಿನ ಗೋಡೆಗೆ ಬಿಳಿ ಚಾದರ ಕಟ್ಟಿದ್ದೆವು. ಪ್ರೊಜೆಕ್ಟರ್ ಒಂದು ದಿನದ ಬಾಡಿಗೆಗೆ ತಂದಿದ್ದೆವು. ಇಪ್ಪತ್ತು ಜನ ಚಾಪೆ ಮೇಲೆ ಕೂತಿದ್ದರು. ಆ ಸರಣಿಯಲ್ಲಿ ಇರೋದು ಒಟ್ಟು 22 ಕಂತು. ಪ್ರತಿ ಭಾನುವಾರ ಎರಡೆರಡು ತೋರಿಸಬೇಕು ಅನ್ನೋದು ನನ್ನ ಆಸೆ. ಅವತ್ತು ಮೊದಲನೇ ಭಾನುವಾರ.

ಚಿತ್ರ ಹಾಕುವ ಮೊದಲು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಫಿಲ್ಮೇಷನ್ ಕಂಪನಿ ಕಡಿಮೆ ದುಡ್ಡಿನಲ್ಲಿ ಮಾಡಿದ ಸರಣಿ ಇದು ಅಂದೆ. ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಳಸ್ತಾರೆ, ಗಮನಿಸಿ. ಮಾತಾಡುವಾಗ ಮುಖ ಕಲ್ಲಿನ ಹಾಗಿರುತ್ತೆ, ತುಟಿ ಮಾತ್ರ ಆಡುತ್ತೆ, ಎಣಿಸಿ ನೋಡಿ. ಸಂಗೀತವೂ ಅದೇ ನಾಲ್ಕು ತುಣುಕು ತಿರುಗಿ ಬರುತ್ತೆ. ಲ್ಯಾಪ್‌ಟಾಪಿನಲ್ಲಿ ಎರಡು ಕಡೆ ನಿಲ್ಲಿಸಿ ತೋರಿಸಿಯೂ ಬಿಟ್ಟೆ. ಎಲ್ಲ ನಿಜವೇ, ಸುಳ್ಳೇನೂ ಹೇಳಲಿಲ್ಲ. ಆದರೆ ಯಾಕೆ ಹೇಳಿದೆ? ಹಳೇ ಕಾರ್ಟೂನ್ ನೋಡಿ ಜನ ಮೂಗು ಮುರಿದರೆ ಅನ್ನೋ ಹೆದರಿಕೆ. ಅವರು ಹೇಳೋಕೆ ಮುಂಚೆ ನಾನೇ ಹೇಳಿಬಿಟ್ಟರೆ ಮಾನ ಉಳಿಯುತ್ತೆ ಅಂದುಕೊಂಡೆ. ಇಪ್ಪತ್ತು ಜನರ ಕಣ್ಣಿಗೆ ಒಂದು ಕೆಲಸ ಕೊಟ್ಟು ಕೂರಿಸಿದೆ ಅಂತ ಹೊಳೆಯಲೇ ಇಲ್ಲ. ತುಟಿ ಎಣಿಸಿ ಅಂದೆ, ಅವರು ತುಟಿ ಎಣಿಸಿದರು. ಮತ್ತೇನು ಮಾಡಿಯಾರು?

ಕತೆ ನಿಮಗೆ ಗೊತ್ತು, ಬೇರೆಯವರಿಗಾಗಿ ಚುಟುಕಾಗಿ ಹೇಳ್ತೀನಿ. ಬಾಹ್ಯಾಕಾಶ ಹಡಗಿನ ಅಧಿಕಾರಿ ಸ್ಪಾಕ್ ಹಿಂದಿನ ಕಾಲದ ಒಂದು ಪ್ರಯಾಣ ಮುಗಿಸಿ ಬಂದರೆ, ಜೊತೆಗೆ ಹೋಗಿದ್ದ ಕ್ಯಾಪ್ಟನ್ ಕರ್ಕ್ ಬಿಟ್ಟು ಹಡಗಿನಲ್ಲಿ ಯಾರಿಗೂ ಅವನ ಗುರುತಿಲ್ಲ. ಅವನು ಏಳನೇ ವಯಸ್ಸಿನಲ್ಲೇ ಮರುಭೂಮಿಯಲ್ಲಿ ಸತ್ತ ಅಂತ ದಾಖಲೆಯಲ್ಲಿದೆ. ಹಾಗಾಗಿ ತನ್ನ ಬಾಲ್ಯಕ್ಕೇ ಹೋಗಿ, ದೂರದ ಅಣ್ಣ ಅಂತ ಹೇಳಿಕೊಂಡು, ತನ್ನನ್ನೇ ಉಳಿಸಬೇಕು. ಅಪ್ಪ ವಲ್ಕನ್ ಅನ್ನೋ ಗ್ರಹದವನು, ಅಮ್ಮ ಭೂಮಿಯವಳು. ಅದಕ್ಕೇ ಓರಗೆಯ ಹುಡುಗರು ಕಾಡಿಸ್ತಾರೆ. ಹುಡುಗ ತನ್ನ ಧೈರ್ಯ ತೋರಿಸೋಕೆ ಒಬ್ಬನೇ ಮರುಭೂಮಿಗೆ ಹೊರಡ್ತಾನೆ. ಹಿಂದೆಯೇ ಅವನ ಸಾಕುಪ್ರಾಣಿ ಐ-ಚಾಯಾ ಹೋಗುತ್ತೆ. ಕರಡಿಯಂಥ ದೇಹ, ಮುದಿ ವಯಸ್ಸು, ಒಂದು ಕೋರೆಹಲ್ಲು ಮುರಿದಿದೆ. ವಿಷದ ಉಗುರಿನ ಮೃಗ ಹುಡುಗನ ಮೇಲೆ ಬಿದ್ದಾಗ ಈ ಮುದಿ ಪ್ರಾಣಿ ಅಡ್ಡ ಬರುತ್ತೆ. ಹುಡುಗ ರಾತ್ರಿ ಓಡಿಹೋಗಿ ವೈದ್ಯರನ್ನು ಕರೆತರ್ತಾನೆ. ಅವರು ನೋಡಿ, ತಡವಾಯ್ತು ಅಂತಾರೆ. ಆಯಸ್ಸು ಒಂಚೂರು ಎಳೆಯಬಹುದು, ಆದರೆ ನೋವಿನಲ್ಲೇ. ಇಲ್ಲವೇ ನೋವಿಲ್ಲದೆ ಸಾಯೋಕೆ ಬಿಟ್ಟು ಕಳಿಸಿಕೊಡಬಹುದು. ತೀರ್ಮಾನ ಏಳು ವರ್ಷದ ಹುಡುಗನದು. ಅವನು ಕಳಿಸಿಕೊಡಿ ಅಂತಾನೆ.

ಆ ಹೊತ್ತಿಗೆ ತೆರೆಯ ಮೇಲೆ ಏನೂ ಅಲುಗಾಡಲ್ಲ. ಹುಡುಗನ ಮುಖ, ತುಟಿ, ಅಷ್ಟೇ. ಹಿಂದಿನಿಂದ ಯಾರೋ ‘ಹನ್ನೊಂದು’ ಅಂದರು. ರೂಮಿಗೆ ರೂಮೇ ನಕ್ಕಿತು. ಐ-ಚಾಯಾ ಸತ್ತದ್ದು ಆ ನಗುವಿನಲ್ಲಿ.

ಅವತ್ತು ಅಪ್ಪನೂ ಬಂದಿದ್ದರು. ನಮ್ಮದು ಅಣ್ಣಿಗೇರಿ ಹತ್ತಿರದ ಹಳ್ಳಿ. ಅಮರಗೋಳದ ಎಪಿಎಂಸಿಯಲ್ಲಿ ಹೆಸರುಕಾಳು ಮಾರಿ, ಬೇಂದ್ರೆ ಬಸ್ಸು ಹತ್ತಿ ಧಾರವಾಡಕ್ಕೆ ಬಂದರು. ಮನೆ ಹುಡುಕಿ ಬರುವಷ್ಟರಲ್ಲಿ ನನ್ನ ಭಾಷಣ ಮುಗಿದಿತ್ತು. ಬಾಗಿಲ ಬಳಿ ಖಾಲಿ ಚೀಲ ಮಡಚಿ ಹಾಸಿಕೊಂಡು ಕೂತರು. ಅವರಿಗೆ ಇಂಗ್ಲಿಷ್ ಬರಲ್ಲ. ಬಸ್ ಸ್ಟಾಂಡಿಗೆ ಬಿಡೋಕೆ ನಡೆದು ಹೋಗುವಾಗ ಜುಬ್ಲಿ ಸರ್ಕಲ್ ದಾಟಿದ ಮೇಲೆ ಅಂದರು: ‘ಆ ಹುಡುಗ ಚೊಲೋ ಮಾಡಿದ. ನಮ್ಮ ಬಸ್ಯಾನ ಸಲುವಾಗಿ ಡಾಕ್ಟರ್ ನನಗೂ ಹಿಂಗ ಕೇಳಿದ್ರು. ಖರೆ, ಎಲ್ಲಾರೂ ಯಾಕ ನಕ್ರು?’

ಬಸ್ಯಾ ನಮ್ಮ ಎತ್ತು. ಹಿಂದಿನ ವರ್ಷ ಕೊಂಬಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಬಹುದು, ಆದರೆ ಈ ವಯಸ್ಸಿಗೆ ತ್ರಾಸ ಜಾಸ್ತಿ ಅಂದಿದ್ದರು ಡಾಕ್ಟರು. ಅಪ್ಪ ಬೇಡ ಅಂದು, ಕೊನೆಯ ಹದಿನೈದು ದಿನ ದನದ ಮನೆಯಲ್ಲೇ ಮಲಗಿದ್ದರು. ಆ ಮಾತನ್ನು ಅವರು ನನ್ನ ಹತ್ತಿರ ಎತ್ತಿದ್ದು ಅವತ್ತೇ ಮೊದಲು. ಯಾಕೆ ನಕ್ಕರು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಹೇಳೋಕೆ ಬಾಯಿ ಬರಲಿಲ್ಲ.

ಎರಡನೇ ಭಾನುವಾರ ಬಂದವರು ಮೂವರು. ಅಲ್ಲಿಗೆ ಮುಗಿಯಿತು.

ಆದ್ದರಿಂದ ಗುಣ ಮೊದಲಾ, ಕೊರತೆ ಮೊದಲಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಈ ಕಂತನ್ನು ಎರಡು ಸಾಲಾಗಿ ಸೀಳೋಕೆ ಆಗಲ್ಲ. ದೇಹ ಅಲುಗದೆ ಇರೋದು ದುಡ್ಡಿಲ್ಲದ್ದಕ್ಕೆ, ನಿಜ. ಆದರೆ ಚಿತ್ರ ಸುಮ್ನೆ ನಿಂತಿರೋದರಿಂದಲೇ ಕತೆಯ ಭಾರವೆಲ್ಲ ಮಾತಿನ ಮೇಲೆ, ದನಿಯ ಮೇಲೆ ಬಿದ್ದಿದೆ. ಬರೆದವರು ಡಿ.ಸಿ. ಫಾಂಟಾನಾ. ಇದಕ್ಕೂ ಮುಂಚೆ ನಟರನ್ನಿಟ್ಟು ಮಾಡಿದ ಸ್ಟಾರ್ ಟ್ರೆಕ್ ಸರಣಿಯ 1967ರ ‘ಜರ್ನಿ ಟು ಬೇಬಲ್’ ಕಂತಿನಲ್ಲಿ ಸ್ಪಾಕ್‌ನ ಅಮ್ಮ ಈ ಸಾಕುಪ್ರಾಣಿಯ ಬಗ್ಗೆ ಒಂದು ಮಾತು ಹೇಳ್ತಾಳಲ್ಲ, ಅದನ್ನು ಬರೆದವರೂ ಇವರೇ. ಆರು ವರ್ಷ ಆದಮೇಲೆ ಆ ಒಂದು ಮಾತಿಗೆ ಜೀವ ಕೊಟ್ಟರು. ಆ ಕಂತಿನಲ್ಲಿ ಸ್ಪಾಕ್‌ನ ಅಪ್ಪ ಸಾರೆಕ್ ಆಗಿದ್ದ ಮಾರ್ಕ್ ಲೆನಾರ್ಡ್ ಇಲ್ಲೂ ದನಿ ಕೊಟ್ಟಿದ್ದಾರೆ. ಇದು ಪ್ರಸಾರ ಆಗಿದ್ದು 1973ರ ಸೆಪ್ಟೆಂಬರ್ 15, ಶನಿವಾರ ಬೆಳಗ್ಗೆ, ಮಕ್ಕಳು ಟಿವಿ ಮುಂದೆ ಕೂರೋ ಹೊತ್ತು. ಸಾಕಿದ ಪ್ರಾಣಿ ಸಾಯೋದನ್ನು ಮಕ್ಕಳಿಗೆ ತೋರಿಸೋದು ಹೇಗೆ ಅಂತ ಚಾನೆಲ್‌ನವರಿಗೆ ಆತಂಕ. ಫಾಂಟಾನಾ ಬಿಟ್ಟುಕೊಡಲಿಲ್ಲ.

ಕೊರತೆಯೇ ಇಲ್ಲ ಅಂತಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಕೊನೆಯಲ್ಲಿದೆ. ಇಪ್ಪತ್ತನಾಲ್ಕು ನಿಮಿಷದಲ್ಲಿ ಮುಗಿಸುವ ಅವಸರಕ್ಕೆ ಸ್ಪಾಕ್ ಹಡಗಿಗೆ ಬಂದ ಕೂಡಲೇ ಎಲ್ಲ ಮಾಮೂಲಿಯಾಗಿಬಿಡುತ್ತೆ. ಆ ಸಾವಿಗೆ ಇನ್ನೊಂದು ನಿಮಿಷ ಬೇಕಿತ್ತು. ಕಾಲಪ್ರಯಾಣದ ಲೆಕ್ಕವೂ ಬಿಗಿಯಾಗಿಲ್ಲ. ನಿಮ್ಮ ಪಟ್ಟಿಯಲ್ಲಿ ಇವೆರಡನ್ನು ಉಳಿಸಿಕೊಳ್ಳಿ, ಉಳಿದ ಆರನ್ನು ಹೊಡೆದು ಹಾಕಿ. ಉಳಿಸಿಕೊಂಡ ಎರಡನ್ನೂ ಹೇಳೋದು ಚಿತ್ರ ಮುಗಿದ ಮೇಲೆ, ಯಾರಾದರೂ ಕೇಳಿದರೆ ಮಾತ್ರ.

ಮೊದಲು ಹೇಳಬೇಕಾದ್ದು ಒಂದೇ ಮಾತು: ಸ್ಪಾಕ್ ಯಾರ ಮಗ. ಸ್ಟಾರ್ ಟ್ರೆಕ್ ನೋಡದವರಿಗೆ ಅಷ್ಟು ಗೊತ್ತಿದ್ದರೆ ಸಾಕು. ಆಮೇಲೆ ಹಿಂದೆ ಹೋಗಿ ಕೂತುಬಿಡಿ. ಪ್ರೊಜೆಕ್ಟರ್ ಎಂಥದ್ದಾದರೂ ನಡೆಯುತ್ತೆ, ಗೋಡೆಗೆ ಚಾದರವೂ ಆಗುತ್ತೆ. ಸ್ಪೀಕರ್ ಮಾತ್ರ ಒಳ್ಳೆಯದು ತನ್ನಿ. ವೈದ್ಯರಿಗೆ ಉತ್ತರ ಕೊಡುವಾಗ ಆ ಹುಡುಗನ ದನಿ ಬಹಳ ಸಣ್ಣದು, ಹಿಂದೆ ಕೂತವರಿಗೂ ಕೇಳಬೇಕು.