ಕ್ಷುದ್ರಗ್ರಹಕ್ಕೆ ಮೊಮ್ಮಗಳ ಹೆಸರಿಡಬಹುದೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಮೊಮ್ಮಗಳ ಮೊದಲ ಹುಟ್ಟುಹಬ್ಬ ಹತ್ತಿರ ಬಂತು. ದುಡ್ಡು ಕಟ್ಟಿದರೆ ಒಂದು ಕ್ಷುದ್ರಗ್ರಹಕ್ಕೆ ಅವಳ ಹೆಸರಿಟ್ಟು ಸರ್ಟಿಫಿಕೇಟ್ ಕಳಿಸುತ್ತಾರಂತೆ. ಕಟ್ಟಲೇ? ನಮ್ಮ ಕಡೆಯವರು ಯಾರಾದರೂ ಇಂಥದ್ದನ್ನು ಕಂಡುಹಿಡಿದದ್ದುಂಟಾ?"

ಸಂಪಾದಕರ ಉತ್ತರ:

ದಯವಿಟ್ಟು ಕಟ್ಟಬೇಡಿ. ಆ ಸರ್ಟಿಫಿಕೇಟ್ ಗೋಡೆಗೆ ಚೆನ್ನಾಗಿರುತ್ತದೆ, ಅಷ್ಟೆ. ಕ್ಷುದ್ರಗ್ರಹಗಳ ಹೆಸರು ಮಾರಾಟಕ್ಕಿಲ್ಲ. ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು, ಒಪ್ಪುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ.

ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಖುಷಿ ಕೊಟ್ಟಿತು. 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹ ಕಂಡುಹಿಡಿದರು. ಜಾಗ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರು. ಆ ವೀಕ್ಷಣಾಲಯ ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಇಂಥ ಹುಡುಕಾಟದಲ್ಲಿ ಆಕಾಶದ ಒಂದೇ ಭಾಗದ ಫೋಟೊವನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದು, ಎರಡನ್ನೂ ಹೋಲಿಸಿ ನೋಡುತ್ತಾರೆ. ನಕ್ಷತ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ಒಂದು ಚುಕ್ಕಿ ಮಾತ್ರ ಚೂರು ಸರಿದಿದ್ದರೆ, ಅದೇ!

ಆದರೆ ಹೆಸರು ಆಗಲೇ ಸಿಗುವುದಿಲ್ಲ. ಮೊದಲು ಸಿಕ್ಕಿದ್ದು '1988 ಡಿಕ್ಯೂ1' ಎಂಬ ಗುರುತು. ವರ್ಷವನ್ನು ಅರ್ಧರ್ಧ ತಿಂಗಳಾಗಿ ಒಡೆದು ಒಂದೊಂದಕ್ಕೂ ಒಂದು ಅಕ್ಷರ ಕೊಟ್ಟಿದ್ದಾರೆ. 'ಡಿ' ಅಂದರೆ ಫೆಬ್ರವರಿಯ ಎರಡನೇ ಅರ್ಧ. 'ಕ್ಯೂ1' ಅಂದರೆ ಆ ಅರ್ಧದಲ್ಲಿ ಸಿಕ್ಕ 41ನೆಯದು. ಆಮೇಲೆ ಮತ್ತೆ ಮತ್ತೆ ನೋಡಿ, ಅದು ಸೂರ್ಯನನ್ನು ಸುತ್ತುವ ದಾರಿ ಖಚಿತವಾದ ಮೇಲೆ 4130 ಎಂಬ ಸಂಖ್ಯೆ ಬಂತು. ಸಂಖ್ಯೆ ಬಂದ ಮೇಲಷ್ಟೇ ಹೆಸರು: ರಾಮಾನುಜನ್, ನಮ್ಮ ಗಣಿತಜ್ಞರದ್ದೇ. ಮುಂದೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿಲ್ಲದ ಚುಕ್ಕಿಗೆ ಹೆಸರಿಟ್ಟು ಏನು ಮಾಡುವುದು, ಅಲ್ವಾ?

ಭಾರತದಿಂದ ಅದಕ್ಕೂ ಹಿಂದಿನ ಶೋಧ 1885ರದ್ದು. ನಡುವೆ 103 ವರ್ಷ! ಅದನ್ನು ಕಂಡವರು ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್. ಮದ್ರಾಸಿನಿಂದ ಅವರು ಒಟ್ಟು ಐದು ಕ್ಷುದ್ರಗ್ರಹ ಹುಡುಕಿದರು. ಮೊದಲನೆಯದು ಸಿಕ್ಕಿದ್ದು 1861ರ ಏಪ್ರಿಲ್ 17ರಂದು. ಆಗ ಈ ಕೆಲಸಕ್ಕೆ ಫೋಟೊ ಇನ್ನೂ ಬಂದಿರಲಿಲ್ಲ. ದೂರದರ್ಶಕಕ್ಕೆ ಕಣ್ಣಿಟ್ಟು, ನಕ್ಷೆಯಲ್ಲಿಲ್ಲದ ಚುಕ್ಕಿಯನ್ನು ಹುಡುಕಬೇಕಿತ್ತು. ಏಷ್ಯಾದಿಂದ ಕಂಡುಹಿಡಿದ ಮೊದಲ ಕ್ಷುದ್ರಗ್ರಹವಾದ್ದರಿಂದ ಅದಕ್ಕೆ '67 ಏಷ್ಯಾ' ಅಂತಲೇ ಹೆಸರಿಟ್ಟರು. 1866ರಲ್ಲಿ ಸಿಕ್ಕ ಸಿಲ್ವಿಯಾಗೆ ಎರಡು ಚಂದ್ರರಿದ್ದಾರೆ ಅಂತ ಗೊತ್ತಾಗಿದ್ದು 2005ರಲ್ಲಿ. ಎರಡು ಚಂದ್ರರಿರುವ ಕ್ಷುದ್ರಗ್ರಹ ಸಿಕ್ಕಿದ್ದು ಅದೇ ಮೊದಲು.

ನಿಮ್ಮ ಮೊಮ್ಮಗಳಿಗೆ ಇನ್ನೊಂದು ಕಥೆ ಇದೆ. ಭಾರತಕ್ಕೆ ಬರುವ ಮೊದಲು, 1856ರಲ್ಲಿ, ಪಾಗ್ಸನ್ ಆಕ್ಸ್‌ಫರ್ಡಿನಲ್ಲಿ ಕಂಡ ಕ್ಷುದ್ರಗ್ರಹದ ಹೆಸರು 'ಐಸಿಸ್'. ಅದು ಈಜಿಪ್ಟಿನ ದೇವತೆಯ ಹೆಸರು. ಪಾಗ್ಸನ್ನರ ಮಗಳ ಹೆಸರೂ ಹೌದು: ಎಲಿಜಬೆತ್ ಐಸಿಸ್. ಆ ಮಗಳು ದೊಡ್ಡವಳಾಗಿ ಅದೇ ಮದ್ರಾಸ್ ವೀಕ್ಷಣಾಲಯದಲ್ಲಿ ಅಪ್ಪನಿಗೆ ಸಹಾಯಕಿಯಾಗಿ ಸೇರಿದಳು.

ಕಟ್ಟಬೇಕೆಂದಿದ್ದ ದುಡ್ಡನ್ನು ಎತ್ತಿಡಿ. ಪಾಪು ಸ್ವಲ್ಪ ದೊಡ್ಡವಳಾದ ಮೇಲೆ ಒಂದು ಬೈನಾಕ್ಯುಲರ್ ಕೊಡಿಸಿ, ಮಹಡಿ ಮೇಲೆ ನೀವೂ ಜೊತೆಗೆ ಕೂತು ನೋಡಿ.