ಹೈಸ್ಕೂಲ್ ಮಕ್ಕಳಿಗೆ ಪಾಠದ ಜೊತೆ ಕೆಲಸಕ್ಕೆ, ಬದುಕಿಗೆ ಬೇಕಾದ ಏನನ್ನು ಕಲಿಸಬೇಕು?

ದಾವಣಗೆರೆ ಕಡೆಯ ಮಕ್ಕಳಾದರೆ ನಾನು ದುಡ್ಡಿನ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಇಲ್ಲಿ ಎಷ್ಟೋ ಮನೆಗಳಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಎಪಿಎಂಸಿಯಲ್ಲಿ ಮಾರಿದ ಚೀಟಿ ಅಪ್ಪನ ಜೇಬಲ್ಲೇ ಇರುತ್ತದೆ. ಅದನ್ನೇ ತರಗತಿಗೆ ತರಿಸಿ. 12 ಕ್ವಿಂಟಲ್ 40 ಕೆಜಿ, ಕ್ವಿಂಟಲ್‌ಗೆ 2,100 ರೂಪಾಯಿ ಅಂದುಕೊಳ್ಳಿ. ಒಟ್ಟು 26,040. ಇದರಲ್ಲಿ ಹಮಾಲಿ ಎಷ್ಟು ಹೋಯಿತು? ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಕಳೆದರೆ ಉಳಿದದ್ದೆಷ್ಟು? ಲೆಕ್ಕ ಅಂದರೆ ಹೆದರುವ ಹುಡುಗನೂ ಇಲ್ಲಿ ಬಾಯಿ ಬಿಡುತ್ತಾನೆ. ಅವರ ಮನೆ ದುಡ್ಡು ಅಲ್ವಾ!

ಆಮೇಲೆ ಬ್ಯಾಂಕು. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಚಲನ್ ತುಂಬುವುದನ್ನು ಸುಮ್ನೆ ಬೋರ್ಡ್ ಮೇಲೆ ಬರೆಯಬೇಡಿ, ಶಾಖೆಗೇ ಕರೆದುಕೊಂಡು ಹೋಗಿ. ಯುಪಿಐನಲ್ಲಿ ನಮಗೆ ದುಡ್ಡು ಬರುವುದಕ್ಕೆ ಪಿನ್ ಹಾಕಬೇಕಿಲ್ಲ. ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಇಷ್ಟು ಗೊತ್ತಿರುವ ಮಗು ಅಜ್ಜಿಯ ಪಿಂಚಣಿ ದುಡ್ಡನ್ನೂ ಉಳಿಸುತ್ತದೆ.

ಅಡುಗೆ, ಬಟ್ಟೆ ಒಗೆಯುವುದು ಹುಡುಗರಿಗೂ ಬರಬೇಕು. ಇದಕ್ಕೆ ಮನೆಯೇ ಸಾಕು.

ಇನ್ನು ಮಾತು. 'ಸಂವಹನ ಕೌಶಲ' ಅಂತ ನೋಟ್ಸ್ ಬರೆಸಿದರೆ ಯಾರಿಗೂ ಬರುವುದಿಲ್ಲ. ಬೆಣ್ಣೆ ದೋಸೆ ಹೋಟೆಲಿನವರನ್ನೋ ಗ್ಯಾರೇಜ್ ಮೇಸ್ತ್ರಿಯನ್ನೋ ಶಾಲೆಗೆ ಕರೆಸಿ, ಪ್ರಶ್ನೆಗಳನ್ನು ಮಕ್ಕಳೇ ಕೇಳಲಿ. ಬೆಣ್ಣೆ ರೇಟ್ ಜಾಸ್ತಿಯಾದಾಗ ಏನು ಮಾಡ್ತೀರಿ? ಗಿರಾಕಿ ಜಗಳಕ್ಕೆ ಬಂದರೆ? ಮೊದಲ ದಿನ ಇಬ್ಬರೇ ಕೇಳಬಹುದು. ಮೂರನೇ ಸಲಕ್ಕೆ ಹಿಂದಿನ ಬೆಂಚೂ ಕೈ ಎತ್ತುತ್ತದೆ.